ಜ್ವರದ ಸಿಹಿ, ಸೂಜಿಯ ಸಿಹಿ

ನಮ್ಮ ಊರಲ್ಲಿ ಯುಗಾದಿಗೆ ಬೇವಿನ ಜೊತೆ ಬೆಲ್ಲ ಕೊಡುವುದಿಲ್ಲ. ಕೊಟ್ಟರೆ ಬೇವಿನ ಮಾತು ಬೆಲ್ಲದಲ್ಲಿ ಮುಚ್ಚಿಹೋಗುತ್ತದೆಂದು ಹಿರಿಯರು ಆ ಪದ್ಧತಿಯನ್ನೇ ತೆಗೆದುಹಾಕಿದ್ದಾರೆ. ಬರೀ ಎಲೆಯನ್ನು ಬಾಯಿಗಿಟ್ಟು ಅಗಿಯಬೇಕು. ಸಿಹಿಯಾದರೆ ಜ್ವರ ನಿಮ್ಮ ಹತ್ತಿರ ಸುಳಿಯುವುದಿಲ್ಲ. ಕಹಿಯಾದರೆ ಜ್ವರದ ಕಾಲದಲ್ಲಿ ನೀವು ಬಾಗಿಲು ಹಾಕಿಕೊಂಡು ಕೂರಬೇಕು. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತದೆಯೇ ಎಂದು ಕೇಳುವ ಮೊದಲು ತಟ್ಟೆಯಲ್ಲಿ ಬೇವಿನೆಲೆ ಇಟ್ಟು ಮುಂದೆ ಸರಿಸುತ್ತಾರೆ. ಪಂಚಾಯಿತಿಗೆ ನಿಂತವನು ಕಟ್ಟೆ ಹತ್ತಿ ಜನರ ಎದುರು ಒಂದು ಹಿಡಿ ತಿಂದು ತೋರಿಸುತ್ತಾನೆ. ಅವನ ಬಾಯಿ ನಿಜವಾಗಿ ಸಿಹಿಯೋ ಅಲ್ಲವೋ ಅವನಿಗೇ ಗೊತ್ತು.

ನಾಲಿಗೆ ಅವರವರ ಬಾಯೊಳಗೇ ಇರುವುದರಿಂದ ಸುಳ್ಳು ಹೇಳಲು ಅಡ್ಡಿಯಿಲ್ಲ. ಆದರೆ ಮುಖ ಮಾತು ಕೇಳಬೇಕಲ್ಲ! ಅದಕ್ಕೇ ನಮ್ಮಲ್ಲಿ ಮುಖ ಕಟ್ಟುವುದನ್ನು ಕಲಿಸುತ್ತಾರೆ. ತಾಯಂದಿರು ಮಕ್ಕಳನ್ನು ಕನ್ನಡಿ ಮುಂದೆ ಕೂರಿಸಿ, ಎಳೆಯ ಚಿಗುರಿನಿಂದ ಶುರುಮಾಡಿ ಬಲಿತ ಎಲೆಯವರೆಗೆ ತಿನ್ನಿಸಿ, ಹುಬ್ಬು ಗಂಟಿಕ್ಕಿದರೆ ತಲೆಗೊಂದು ಮೊಟಕುತ್ತಾರೆ. ಚೆನ್ನಾಗಿ ಕಲಿತವರು ಹಾಗಲಕಾಯಿ ರಸ ಕುಡಿದು ಪಾಯಸ ಕುಡಿದವರ ಹಾಗೆ ತುಟಿ ಸವರಿಕೊಳ್ಳುತ್ತಾರೆ. ಇದರಿಂದ ಊರಿಗಾದ ಲಾಭವೆಂದರೆ, ಯಾರಿಗೆ ದುಃಖವಾಗಿದೆ ಎಂದು ನಮ್ಮಲ್ಲಿ ಯಾರಿಗೂ ತಿಳಿಯುವುದಿಲ್ಲ. ಸತ್ತವರ ಮನೆಗೆ ಮಾತಾಡಿಸಲು ಹೋದರೆ, ಅವರು ಕೂತಿರುವ ರೀತಿ ನೋಡಿ ತಪ್ಪು ಮನೆಗೆ ಬಂದೆವೇನೋ ಎನಿಸುತ್ತದೆ. ನನಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ನಮ್ಮವ್ವ ಮೊಟಕಿ ಮೊಟಕಿ ಸೋತಳು.

ಸಿಹಿಯಲ್ಲಿ ಎರಡು ಬಗೆ. ಸೂಜಿ ಚುಚ್ಚಿಸಿಕೊಂಡರೆ ಸ್ವಲ್ಪ ದಿನಕ್ಕೆ ಬೇವು ಸಿಹಿಯಾಗುತ್ತದೆ. ಅದು ಸಕ್ಕರೆಯ ಸಿಹಿ, ಮೇಲುಮೇಲಿನದು. ಒಂದು ವರ್ಷ, ಹೆಚ್ಚೆಂದರೆ ಇನ್ನೊಂದು ಮಳೆಗಾಲ. ಆಮೇಲೆ ಎಲೆಯ ತುದಿಯಲ್ಲಿ ಸಣ್ಣಗೆ ಒಗರು ಕಾಣಿಸಿಕೊಂಡು, ನೋಡನೋಡುತ್ತ ಕಹಿಯಾಗುತ್ತದೆ. ಜ್ವರ ಬಂದು ಬದುಕಿ ಉಳಿದವರದು ಬೇರೆ. ಅದು ಜೋನಿಬೆಲ್ಲದ ಸಿಹಿ, ದಪ್ಪ, ಗಂಟಲವರೆಗೂ ಇಳಿಯುವಂಥದು. ‘ಜ್ವರದ ಸಿಹಿ ಚಟ್ಟದ ಸಂಗಾಟ ಹೋಗತೈತಿ’ ಎಂದು ನಮ್ಮಲ್ಲಿ ಗಾದೆಯೇ ಇದೆ. ಜ್ವರ ಬಂದು ಸತ್ತವರ ನಾಲಿಗೆ ಹೇಗಿತ್ತೆಂದು ಗಾದೆ ಕಟ್ಟಿದವರು ಕೇಳಲಿಲ್ಲ. ಉಳಿದವರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಎಲ್ಲ ಜ್ವರವೂ ಒಳ್ಳೆಯದೇ.

ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ ಫಕೀರವ್ವ, ಅವಳದು ಜ್ವರದ ಸಿಹಿ. ನಾನು ಈ ಮನೆಗೆ ಸೊಸೆಯಾಗಿ ಬರುವ ಮೊದಲಿನ ಮಾತು. ಅವಳ ಮಗ ಸಂಗು, ಇನ್ನೂ ಸರಿಯಾಗಿ ಮಾತು ಬಾರದ ಕೂಸು, ಜ್ವರದಲ್ಲಿ ಮಲಗಿದ. ಇವಳು ಅವನನ್ನು ಎದೆಯ ಮೇಲೆ ಹಾಕಿಕೊಂಡೇ ಮಲಗಿದಳು. ಅವನು ಹೋದ, ಇವಳು ಉಳಿದಳು. ತಲೆಗೂದಲು ಉದುರಿ ಮತ್ತೆ ತುಂಬಿ ಬರಲಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು. ಕೆಲವು ವರ್ಷಕ್ಕೆ ಗಂಡನೂ ಹಾವು ಕಚ್ಚಿ ಹೋದ. ಇಷ್ಟೆಲ್ಲ ಕಳೆದುಕೊಂಡವಳಿಗೆ ಊರು ಕೊಟ್ಟದ್ದು ಒಂದೇ ಮರ್ಯಾದೆ: ಜ್ವರ ಬಂದಾಗ ರೋಗಿಗಳನ್ನು ಊರಾಚೆಯ ಹಾಳು ಅರಳೆ ಗಿರಣಿಗೆ ಸಾಗಿಸುತ್ತಿದ್ದರು, ಅಲ್ಲಿಗೆ ಮೊದಲು ಕರೆ ಹೋಗುತ್ತಿದ್ದದ್ದು ಫಕೀರವ್ವನಿಗೆ. ಬಾಯಿ ಸಿಹಿಯಾದವರನ್ನಷ್ಟೇ ಒಳಗೆ ಬಿಡುತ್ತಿದ್ದರು. ಗಿರಣಿಯ ಬಾಗಿಲಲ್ಲಿ ಆ ಪರೀಕ್ಷೆಗೆ ಬೇವು ತಿನ್ನುವಾಗ ಅವಳು ಒಂದಕ್ಕೆ ನಿಲ್ಲಿಸುತ್ತಿರಲಿಲ್ಲ. ಮಕ್ಕಳು ಇನ್ನೊಂದು ಚೂರು ಬೆಲ್ಲ ಕೇಳುವ ಹಾಗೆ ಇನ್ನೊಂದು ಎಲೆ ಕೇಳಿ ಪಡೆದು ತಿನ್ನುತ್ತಿದ್ದಳು.

ನಾವಿಬ್ಬರೂ ಒಂದೇ ಮನೆಯಲ್ಲಿದ್ದು ಕೌದಿ ಹೊಲಿಯುತ್ತಿದ್ದೆವು. ಹಳೆಯ ಸೀರೆ, ಧೋತರ, ಅಂಗಿಗಳ ತುಂಡು ಜೋಡಿಸಿ ಹೊಲಿದು ಊರವರಿಗೆ ಕೊಡುವುದು. ವರ್ಷಕ್ಕೊಮ್ಮೆ ದವಾಖಾನೆಯ ನರ್ಸ್ ಎಸ್ತೇರಬಾಯಿ ಐಸಿನ ಪೆಟ್ಟಿಗೆ ಹಿಡಿದು ಸೂಜಿ ಹಾಕಲು ಮನೆಮನೆಗೆ ಬರುತ್ತಿದ್ದಳು. ನಾನು ತೋಳು ಚಾಚುತ್ತಿದ್ದೆ. ಫಕೀರವ್ವ ಮಾತ್ರ ಸೆರಗು ತೋಳಿನ ಮೇಲೆ ಎಳೆದುಕೊಂಡು, “ಬಾಯಾರ, ಜೋನಿಬೆಲ್ಲದ ಗಡಿಗ್ಯಾಗ ಯಾರರ ಸಕ್ಕರಿ ಸುರುವತಾರೇನ್ರಿ?” ಎನ್ನುತ್ತಿದ್ದಳು. ದಿನಾ ಸೂಜಿ ಹಿಡಿಯುವವಳಿಗೆ ಸೂಜಿ ಎಂದರೆ ಭಯ ಎಂದು ಓಣಿಯ ಹೆಂಗಸರು ಆಡಿಕೊಂಡು ನಗುತ್ತಿದ್ದರು. ಕೆಲವರು, ಜ್ವರ ಗೆದ್ದವಳೆಂದು ಕೊಂಬು ಬಂದಿದೆ ಎನ್ನುತ್ತಿದ್ದರು.

“ಎರಡೂ ಇದ್ರ ಭಾಳ ಗಟ್ಟಿ ಇರತೈತಿ ಅಕ್ಕಾ,” ಎಂದು ಎಸ್ತೇರಬಾಯಿ ಪ್ರತಿ ಸಲವೂ ಹೇಳುತ್ತಿದ್ದಳು. “ಬೇವು ನಾಲಿಗಿ ಸುದ್ದಿ ಅಷ್ಟ ಹೇಳತೈತಿ. ರಕ್ತದಾಗಿನ ಸುದ್ದಿ ಅದಕ್ಕ ಗೊತ್ತಿಲ್ಲ. ಸಿಹಿ ಐತಿ ಅಂತ ಮೈಮರೀಬಾರದು, ಕಹಿ ಆತಂತ ಎದಿ ಒಡಕೋಬಾರದು. ಕಹಿ ಆದ ಮ್ಯಾಲೂ ಒಳಗ ಕಾವಲಗಾರರು ಇರತಾರ. ಮಕ್ಕೊಂಡಿರತಾರ ಅಷ್ಟ. ಕಳ್ಳ ಬಂದ್ರ ಏಳತಾರ.”

“ಎಷ್ಟು ವರ್ಷ ಮಕ್ಕೊಂಡವರು ಏಳತಾರ ಬಾಯಾರ?” ಎಂದು ನಾನು ಒಮ್ಮೆ ಕೇಳಿದ್ದೆ.

“ಅದು ನನಗ ಗೊತ್ತಿಲ್ಲವಾ ಕಲ್ಲವ್ವಾ. ಒಬ್ಬೊಬ್ಬರ ಮೈಯಾಗ ಒಂದೊಂದು ನಮೂನಿ. ಸೂಜೀದೂ ಹಂಗ, ಜ್ವರದ್ದೂ ಹಂಗ.”

ಗೊತ್ತಿಲ್ಲ ಎಂದ ಮೇಲೆ ಊರವರು ಅವಳ ಮಾತನ್ನು ಯಾಕೆ ಕೇಳುತ್ತಾರೆ? ಬೇವಿನ ಮರ ಎಂದಾದರೂ ಗೊತ್ತಿಲ್ಲ ಎಂದದ್ದುಂಟೇ? ಸಿಹಿ ಎಂದರೆ ಸಿಹಿ, ಕಹಿ ಎಂದರೆ ಕಹಿ. ನಾನೂ ಎಲ್ಲರ ಜೊತೆ ನಕ್ಕೆ.

ಆ ವರ್ಷ ಎಸ್ತೇರಬಾಯಿಯ ಪೆಟ್ಟಿಗೆ ನಮ್ಮ ಊರಿಗೆ ಬರುವಷ್ಟರಲ್ಲಿ ಐಸು ಕರಗಿ, ಒಳಗಿನ ಮದ್ದೆಲ್ಲ ಕೆಟ್ಟಿತ್ತು. ಅವಳು ಅದನ್ನು ಗುಂಡಿ ತೋಡಿ ಹುಗಿದು, ಬೇರೆ ತರುತ್ತೇನೆಂದು ಹೋದಳು. ಅವಳು ಬರುವ ಮೊದಲು ಜ್ವರ ಬಂತು. ಊರ ಗಡಿ ಮುಚ್ಚಿದರು. ಲಾರಿ ಹೊಡೆಯಲು ಹೋಗಿದ್ದ ನನ್ನ ಗಂಡ ಆಚೆಯೇ ಉಳಿದ. ನನ್ನ ಬಾಯಿ ಬಿತ್ತನೆಯ ಕಾಲಕ್ಕೇ ಕಹಿಯಾಗಿತ್ತು. ನನ್ನ ಮಗಳು ರೇಣಿಗೆ ಆಗ ಹತ್ತು ವರ್ಷ. ಮಕ್ಕಳಿಗೂ ಸೂಜಿ ಹಾಕುವುದು ಅದೇ ವರ್ಷದಿಂದ ಶುರುವಾಗಬೇಕಿತ್ತು.

ಒಂದು ಬೆಳಿಗ್ಗೆ ರೇಣಿ ರೊಟ್ಟಿ ಬೇಡ ಎಂದಳು. ಮಧ್ಯಾಹ್ನಕ್ಕೆ ಮೈ ಹಂಚಿನಂತೆ ಕಾದಿತ್ತು. ಫಕೀರವ್ವ ಎರಡು ಮಾತಾಡದೆ ಅವಳನ್ನು ಹೆಗಲಿಗೆ ಹಾಕಿಕೊಂಡು ಗಿರಣಿಯ ಕಡೆ ನಡೆದಳು, ನಾನು ಹಿಂದೆ ಓಡಿದೆ. ಗಿರಣಿಯ ಕಬ್ಬಿಣದ ಬಾಗಿಲ ಪಕ್ಕದಲ್ಲೇ ಬೇವಿನ ಮರ, ಅದರ ಕೆಳಗೆ ಕಾವಲಿಗೆ ಕೂತ ದಾವಲಸಾಬ. ಒಳ್ಳೆಯ ಮನುಷ್ಯ, ಆದರೆ ಕಟ್ಟಳೆ ಎಂದರೆ ಕಟ್ಟಳೆ. ಫಕೀರವ್ವ ಎಂದಿನಂತೆ ಒಂದೆಲೆ ತಿಂದು, ಇನ್ನೊಂದು ಕೇಳಿ ತಿಂದು, ಮಗುವಿನೊಂದಿಗೆ ಒಳಗೆ ಹೋದಳು. ನಾನೂ ಕೈ ಚಾಚಿದೆ.

ದಾವಲಸಾಬನಿಗೆ ಜನ ಮುಖ ಕಟ್ಟುವುದು ಗೊತ್ತಿಲ್ಲದ್ದೇನಲ್ಲ. ಎಲೆ ಕೊಟ್ಟು ಮಾತಿಗೆಳೆಯುತ್ತಿದ್ದ. ಮಾತಾಡುವಾಗ ಕಟ್ಟಿದ ಮುಖ ಸಡಿಲವಾಗುತ್ತದೆ.

“ಇವತ್ತ ಏನ ಅಡಗಿ ಮಾಡಿದ್ದಿ ತಂಗಿ?”

“ರೊಟ್ಟಿ, ಪುಂಡಿಪಲ್ಲೆ,” ಎಂದೆ. ಬಾಯೆಲ್ಲ ವಿಷವಾಗಿತ್ತು. ಆದರೆ ದೇವರಾಣೆ, ಜನ್ಮದಲ್ಲಿ ಮೊದಲ ಸಲ ನನ್ನ ಮುಖ ನನ್ನ ಮಾತು ಕೇಳಿತ್ತು.

“ಯಾರಿಗಂತ ಮಾಡಿದ್ದಿ?”

ಅಷ್ಟು ಕೇಳಿದ್ದೇ ತಡ, ಕಣ್ಣೀರು ಬಳಬಳ ಸುರಿಯಿತು. ರೇಣಿಗೆ ಪುಂಡಿಪಲ್ಲೆ ಎಂದರೆ ಪ್ರಾಣ. ಅವಳು ಮುಟ್ಟದೆ ಬಿಟ್ಟ ತಟ್ಟೆ ಇನ್ನೂ ಒಲೆಯ ಮುಂದೆ ಹಾಗೇ ಇತ್ತು.

ದಾವಲಸಾಬ ಬಗ್ಗಿ ನನ್ನ ಮುಖ ನೋಡಿದ. “ಕಹಿಗೆ ಅತ್ತಿಯೋ ಮಗಳಿಗೆ ಅತ್ತಿಯೋ ನನಗ ತಿಳೀವಲ್ದು ತಂಗಿ,” ಎಂದ. “ತಿಳೀದಿದ್ರ ಬಾಗಲಾ ತಗೀಬ್ಯಾಡ ಅಂತ ಕಟ್ಟಳಿ ಐತಿ.”

ನಾನು ಅವನ ಕಾಲು ಹಿಡಿದೆ. ಅವನು ಕಾಲು ಹಿಂದಕ್ಕೆಳೆದುಕೊಂಡು ತಾನೂ ಅತ್ತ. ಬಾಗಿಲು ಮಾತ್ರ ತೆಗೆಯಲಿಲ್ಲ.

ಗಿರಣಿಯ ಹಿಂಗೋಡೆಯಲ್ಲಿ ಹಿಂದೆ ನೀರಿನ ಪೈಪು ಹೋಗುತ್ತಿದ್ದ ಒಂದು ತೂತಿದೆ. ಮರುದಿನದಿಂದ ನಾನು ಅಲ್ಲಿ ಕೂತೆ. ಮಧ್ಯಾಹ್ನ ಒಳಗಿನ ಕೆಲಸ ಹಗುರಾದಾಗ ಫಕೀರವ್ವ ಬರುತ್ತಿದ್ದಳು. ಆ ತೂತಿಗೆ ಬಾಯಿಟ್ಟರೆ ಕಿವಿ ಇಡಲಾಗದು, ಕಿವಿ ಇಟ್ಟರೆ ಬಾಯಿ ಇಡಲಾಗದು. ಒಬ್ಬರು ಹೇಳಿ ಮುಗಿಸಿ ಗೋಡೆ ತಟ್ಟಿದ ಮೇಲೆ ಇನ್ನೊಬ್ಬರು. ಹಾಗೆ ಅವಳು ರೇಣಿ ಎಷ್ಟು ಗಂಜಿ ಕುಡಿದಳು, ಎಷ್ಟು ಹೊತ್ತು ಮಲಗಿದಳು ಎಂದು ಹೇಳುತ್ತಿದ್ದಳು. ಮಗು ಚಳಿ ಎನ್ನುತ್ತಿದೆ ಎಂದಾಗ ನಮ್ಮ ಮನೆಯ ಕೌದಿಯನ್ನು ಸುರುಳಿ ಸುತ್ತಿ ಗೋಡೆಯ ಮೇಲಿಂದ ಒಗೆದೆ.

ಮರುದಿನ ಫಕೀರವ್ವ ನಗುತ್ತ ಬಂದಳು. “ನಿನ್ನ ಮಗಳು ಕೌದ್ಯಾಗಿನ ಒಂದೊಂದ ತುಂಡು ಯಾರದು ಅಂತ ಕೇಳಾಕ ಹತ್ಯಾಳವಾ. ಹಸರ ತುಂಡು ಯಾರದಂತ?”

“ನನ್ನ ಸೀರೀದು ಅಂತ ಹೇಳಕ್ಕಾ. ಆಕಿ ಹೊಟ್ಟ್ಯಾಗಿದ್ದಾಗ ಕುಬಸಕ್ಕ ಉಟ್ಟಿದ್ದೆ. ಉಟ್ಟು ಕುಂತಾಗ ಹೊಟ್ಟ್ಯಾಗ ಒದ್ದಳು, ಆರತಿ ತಟ್ಟಿ ಕೈ ಜಾರಿ ಬಿತ್ತು ಅಂತ ಹೇಳು.”

ಆಮೇಲೆ ಅದೇ ನಮ್ಮ ದಿನಚರಿಯಾಯಿತು. ಗುಲಾಬಿ ತುಂಡು ರೇಣಿಯ ಅಪ್ಪನ ರುಂಬಾಲಿನದು, ಲಗ್ನದ ದಿನ ಅದನ್ನು ತಲೆಗೆ ಸುತ್ತಲು ಬಾರದೆ ಮೂವರು ಹಿಡಿದು ಸುತ್ತಿದ್ದರು. ನೀಲಿ ಚುಕ್ಕೆಯದು ರೇಣಿಯದೇ ಮೊದಲ ಅಂಗಿ. ನಾನು ತೂತಿನೊಳಗೆ ಹೇಳುತ್ತಿದ್ದೆ, ಫಕೀರವ್ವ ಹೊತ್ತುಕೊಂಡು ಹೋಗಿ ಹೇಳುತ್ತಿದ್ದಳು, ರೇಣಿ ಕೇಳಿ ಮಲಗುತ್ತಿದ್ದಳು. ತಾಯಿಯೊಬ್ಬಳು ಮಗಳಿಗೆ ಗೋಡೆಯಾಚೆಯಿಂದ ಇನ್ನೇನು ಮಾಡಬಹುದು? ಅಷ್ಟರಲ್ಲೇ ಸಮಾಧಾನಪಟ್ಟೆ. ಮಗು ಗೆಲ್ಲುತ್ತಾಳೆ, ಜ್ವರದ ಸಿಹಿ ತೆಗೆದುಕೊಂಡು ಹೊರಗೆ ಬರುತ್ತಾಳೆ ಎಂದು ನಂಬಿದ್ದೆ.

“ಕೆಂಪು ಚೌಕಳಿ ತುಂಡು ಯಾರದಂತ ಕೇಳತಾಳ,” ಎಂದಳು ಒಂದು ದಿನ.

“ಅದು ನೀನ ಹಚ್ಚಿದ್ದಲ್ಲಕ್ಕಾ. ನನಗೇನು ಗೊತ್ತು?”

ಆ ಕಡೆಯಿಂದ ಕೆಮ್ಮು ಬಂತು. ಒಣ ಕೆಮ್ಮು, ಬಿಟ್ಟು ಬಿಟ್ಟು. ಆ ಕೆಮ್ಮು ಯಾವುದೆಂದು ನಮ್ಮೂರಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು.

“ಅಕ್ಕಾ?” ಎಂದೆ.

“ಸಂಗೂನ ಅಂಗೀದು ಅದು,” ಎಂದಳು ಕಡೆಗೆ. “ಜ್ವರದಾಗ ಸತ್ತವರದು ಎಲ್ಲಾ ಸುಡತಾರ. ಒಂದು ತುಂಡು ಕತ್ತರಿಸಿ ಕುಪ್ಪಸದಾಗ ಇಟಗೊಂಡಿದ್ದೆ. ರೇಣಿಗೆ ಹೇಳತೀನಿ, ನಿಮ್ಮಣ್ಣಂದವಾ ಅಂತ.” ಮತ್ತೆ ಕೆಮ್ಮಿದಳು. “ಕಲ್ಲವ್ವಾ, ನನ್ನ ಬೇವು ಕಹಿಯಾಗಿ ಭಾಳ ದಿನ ಆತು.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಜ್ವರದ ಸಿಹಿ ಕಹಿಯಾಗುವುದೆಂದರೆ ನಮಗೆ ಸೂರ್ಯ ಪಡುವಣದಲ್ಲಿ ಹುಟ್ಟಿದ ಹಾಗೆ.

“ಹ್ವಾದ ಸುಗ್ಗ್ಯಾಗ ಒಂದಿನ ಒಗರು ಹತ್ತಿತು. ಎಲಿ ಕೆಟ್ಟೈತಿ ಅಂತ ಬ್ಯಾರೆ ಗಿಡದ್ದು ತಿಂದೆ. ಅದೂ ಹಂಗ. ಕೆರಿದಂಡಿ ಗಿಡ, ಸಾಲಿ ಮುಂದಿನ ಗಿಡ, ಊರಾಗಿನ ಗಿಡಾ ಎಲ್ಲಾ ತಿರಗಿದೆ. ಎಲ್ಲೂ ಸಿಹಿ ಇರಲಿಲ್ಲ.”

“ಹಂಗಾದ್ರ ಇಲ್ಲಿ ಎರಡೆರಡು ಎಲಿ ತಿಂದಿದ್ದು?”

“ಮದಲ ಖರೇನ ರುಚಿಗೆ ತಿಂತಿದ್ದೆ. ಬಿಟ್ರ ಮಂದಿಗೆ ತಿಳೀತೈತಿ ಅಂತ ತಿಂದೆ.”

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. “ಎಸ್ತೇರಬಾಯಿ ವರ್ಷಾ ಬಂದು ಕೈ ಮುಗದು ಹೇಳತಿದ್ದಳಲ್ಲ! ಒಂದು ಸೂಜಿ ಮಾಡಿಸಿಕೊಳ್ಳಾಕ ಏನಾಗಿತ್ತು ನಿನಗ ಧಾಡಿ?”

“ಮಾಡಿಸಿದ್ರ ಸಿಹಿ ಬರತಿತ್ತು ಖರೆ. ಆದ್ರ ಅದು ಯಾರ ಸಿಹಿ?” ಅವಳು ಉಸಿರಿಗಾಗಿ ನಿಂತು ನಿಂತು ಹೇಳಿದಳು. “ನನ್ನ ಕೂಸು ನನ್ನ ಎದಿ ಮ್ಯಾಲ ಕೆಮ್ಮಿ ಕೆಮ್ಮಿ ಕೊಟ್ಟು ಹೋಗಿದ್ದು ಅದೊಂದ. ಅದರ ಮ್ಯಾಲ ಸಕ್ಕರಿ ಸುರುವಿದ್ರ, ಅವಂದು ಎಷ್ಟು ಉಳದೈತಿ ಅಂತ ನನಗ ಹೆಂಗ ತಿಳೀತಿತ್ತು?”

“ನಿನ್ನ ಸತ್ತ ಮಗನ ಸಲುವಾಗಿ ನನ್ನ ಬದುಕಿದ ಮಗಳ ಹಾಸಿಗಿ ಪಕ್ಕ ಸುಳ್ಳು ಹೇಳಿಕೋತ ಕುಂತಿ, ಹುಚ್ಚಿ!”

“ನಾ ಅಲ್ದ ಬ್ಯಾರೆ ಯಾರಿದ್ರು ಕಲ್ಲವ್ವಾ?”

ಸಿಹಿ ಬಾಯಿಯ ಇನ್ನಿಬ್ಬರು ಹೆಂಗಸರು ಅಷ್ಟೊಂದು ಮಂಚಗಳ ನಡುವೆ ಓಡಾಡಿ ಓಡಾಡಿ ಕಾಲು ಬಾತು ಕೂತುಬಿಟ್ಟಿದ್ದರೆಂದು ನನಗೂ ಗೊತ್ತಿತ್ತು. ನಾನು ಗೋಡೆಗೆ ತಲೆಯಾನಿಸಿ ಕೂತೆ. ಅವಳು ಎದ್ದು ಹೋದ ಸಪ್ಪಳ ಕೇಳಿಸಿತು.

ಮರುದಿನ ಮಧ್ಯಾಹ್ನ ತೂತಿನ ಹತ್ತಿರ ಯಾರೂ ಬರಲಿಲ್ಲ. ನೆರಳು ಗೋಡೆ ದಾಟುವವರೆಗೆ ಕಾದೆ. ಕಲ್ಲಿನಿಂದ ಗೋಡೆ ಕುಟ್ಟಿದೆ. ಆಮೇಲೆ ಬಾಗಿಲಿಗೆ ಓಡಿ, “ಎಲಿ ಕೊಡು ದಾವಲಣ್ಣಾ,” ಎಂದೆ. ಅಳು ಬರಲಿಲ್ಲ, ಭಯವೂ ಇರಲಿಲ್ಲ. ದಾವಲಸಾಬ ಒಂದೆಲೆ ಕಿತ್ತ. ಅದನ್ನು ನನಗೆ ಕೊಡದೆ ಕೈಯಲ್ಲೇ ಹೊಸಕಿ ಕೆಳಗೆ ಹಾಕಿದ. “ಒಳಗ ಫಕೀರವ್ವಗ ನೀರ ಹಾಕವರಿಲ್ಲ, ಹೋಗು ತಂಗಿ,” ಎಂದು ಬಾಗಿಲು ತೆಗೆದು, ಮುಖ ಆ ಕಡೆ ತಿರುಗಿಸಿ ನಿಂತ. ರೇಣಿಯ ಹೆಸರು ಯಾಕೆ ಹೇಳಲಿಲ್ಲ ಎಂದು ನನಗೆ ಅಂಗಳ ದಾಟುವಾಗಲೇ ತಿಳಿಯಬೇಕಿತ್ತು.

ಎರಡು ಮಂಚಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದರ ಮೇಲೆ ಫಕೀರವ್ವ, ಕಣ್ಣು ಗುಳಿಬಿದ್ದು, ಏದುಸಿರು ಬಿಡುತ್ತ ಮಲಗಿದ್ದಳು. ಅವಳ ಕೈ ಪಕ್ಕದ ಮಂಚದ ಮೇಲಿತ್ತು. ಅಲ್ಲಿ ಕೌದಿ ಹೊದ್ದು ನನ್ನ ಮಗಳು ತಣ್ಣಗಾಗಿದ್ದಳು.

“ಬೆಳಗಿನಾಗ,” ಎಂದಳು ಫಕೀರವ್ವ. “ಅವ್ವಾ ಅಂತ ಕರದಳು. ನಾ ಓ ಅಂದೆ. ಆಕಿಗೆ ಗುರ್ತ ಸಿಗಲಿಲ್ಲ, ನೀನ ಅಂತ ತಿಳದಳು. ತಪ್ಪಾತೇನು ಕಲ್ಲವ್ವಾ?”

ನಾನು ಮಗಳ ಮೇಲೆ ಬಿದ್ದು ಬೊಬ್ಬೆ ಹೊಡೆದು ಅತ್ತೆ. ಸುತ್ತಲ ಮಂಚಗಳ ರೋಗಿಗಳು ತಲೆಯೆತ್ತಿ ಬೆರಗಾಗಿ ನೋಡಿದರು. ಮುಖ ಕಟ್ಟದೆ ಅಳುವವರನ್ನು ಅವರು ಎಂದೂ ನೋಡಿರಲಿಲ್ಲ. ಸಂಜೆಗೆ ಮಗಳ ಜೊತೆ ಕೌದಿಯನ್ನೂ ಸುಟ್ಟರು. ಒಂದು ತುಂಡು ಕತ್ತರಿಸಿ ಇಟ್ಟುಕೊಳ್ಳಬೇಕೆಂದು ನನಗೆ ತೋಚಲಿಲ್ಲ, ತೋಚುವಷ್ಟರಲ್ಲಿ ಬೂದಿಯಾಗಿತ್ತು. ಫಕೀರವ್ವ ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ನಾನೇ ನೀರು ಕುಡಿಸಿದೆ, ನಾನೇ ಮೈ ಒರೆಸಿದೆ. ತಪ್ಪಾಗಲಿಲ್ಲ ಅಕ್ಕಾ, ನೀನು ಓ ಎಂದದ್ದು ಒಳ್ಳೆಯದಾಯಿತು ಎಂದು ಅವಳ ಕಿವಿಯಲ್ಲಿ ಹೇಳುತ್ತಲೇ ಇದ್ದೆ. ಕೇಳಿಸಿತೋ ಇಲ್ಲವೋ ದೇವರೇ ಬಲ್ಲ.

ಇನ್ನು ನನ್ನ ಸರದಿ ಎಂದುಕೊಂಡೆ. ಸುಳ್ಳೇಕೆ, ಅದನ್ನೇ ಬಯಸಿದ್ದೆ. ರೇಣಿ ಮಲಗಿದ್ದ ಮಂಚದ ಮೇಲೇ ಮಲಗಿದೆ. ಜ್ವರ ಬಂತು. ಮೈಕೈ ನೋವು, ಮೂಗು ಸೋರಿತು, ಸ್ವಲ್ಪ ಕೆಮ್ಮು. ಇನ್ನೇನು ಏರುತ್ತದೆ ಎಂದು ಕಣ್ಣು ಮುಚ್ಚಿ ಕಾಯುತ್ತಿದ್ದವಳಿಗೆ, ಒಂದು ಬೆಳಿಗ್ಗೆ ಹೊಟ್ಟೆ ಹಸಿಯಿತು. ನಾಚಿಕೆಗೆಟ್ಟ ಹೊಟ್ಟೆ, ಗಂಜಿ ಬೇಕೆಂದಿತು. ನೆಗಡಿಯೊಂದು ಬಂದು ಹೋದ ಹಾಗೆ ಜ್ವರ ಬಂದು ಹೋಗಿತ್ತು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗೆ ಆ ವಾರವೇ ಎಸ್ತೇರಬಾಯಿ ಹೊಸ ಪೆಟ್ಟಿಗೆಯೊಂದಿಗೆ ಬಂದಳು. ನನ್ನ ನಾಡಿ ಹಿಡಿದು, ಎಲ್ಲ ಕೇಳಿ, “ಹಳೇ ಸೂಜಿ ಒಳಗ ಮಕ್ಕೊಂಡಿತ್ತವಾ. ಎಚ್ಚರಾತು,” ಎಂದಳು.

“ಅಕ್ಕಂದು ಯಾಕ ಏಳಲಿಲ್ಲ?”

“ಭಾಳ ವರ್ಷದ್ದು ಅದು. ಆಕಿ ಮೈಯಾಗ ಶಕ್ತಿನೂ ಇರಲಿಲ್ಲ. ಒಂದು ಸೂಜಿ ಬಿದ್ದಿದ್ರ ಬಹುಶಃ…” ಹಿಡಿದಿದ್ದ ನನ್ನ ಕೈ ಬಿಟ್ಟಳು. “ಖಾತ್ರಿ ಹೇಳಾಕ ಆಗೂದಿಲ್ಲ ಕಲ್ಲವ್ವಾ.”

“ಹಂಗಾದ್ರ ನಾ,” ಎಂದೆ. ಎದ್ದು ಕೂತೆ. “ನಾ ಮದಲನೇ ದಿನಾನ ಒಳಗ ಹೋಗಬಹುದಾಗಿತ್ತೇನು?”

ಎಸ್ತೇರಬಾಯಿ ಪೆಟ್ಟಿಗೆಯ ಮುಚ್ಚಳ ತೆಗೆದು ಮತ್ತೆ ಹಾಕಿದಳು. “ಅದನ್ನ ಕೇಳಬ್ಯಾಡವಾ,” ಎಂದಳು.

ಕೇಳದೆ ಇರಲು ಬರುತ್ತದೆಯೇ? ಅಂದಿನಿಂದ ಇಂದಿನವರೆಗೆ ನಾನು ಕೇಳಿಕೊಂಡದ್ದು ಅದೊಂದೇ. ಒಂದು ಎಲೆಯ ಮಾತು ಕೇಳಿ ಗೋಡೆಯ ಹೊರಗೆ ಕೂತೆ. ಅವ್ವಾ ಎಂದವಳಿಗೆ ಬೇರೆ ಯಾರೋ ಓ ಎಂದರು. ಇದನ್ನು ಪಂಚಾಯಿತಿ ಕಟ್ಟೆಯ ಮೇಲೆ ನಿಂತು ಹೇಳಿದೆ. ಬೇವು ಅರ್ಧ ಮಾತಷ್ಟೇ ಹೇಳುತ್ತದೆ, ಸಿಹಿಯನ್ನೂ ನಂಬಬೇಡಿ, ಕಹಿಯನ್ನೂ ನಂಬಬೇಡಿ, ಸೂಜಿ ಹಾಕಿಸಿಕೊಳ್ಳಿ ಎಂದೆ. ಎಲ್ಲರೂ ಕಟ್ಟಿದ ಮುಖದಲ್ಲಿ ಕೇಳಿಸಿಕೊಂಡರು. ಮಗಳು ಸತ್ತ ದುಃಖ, ಪಾಪ ಎಂದರು. ಯುಗಾದಿ ಬಂತು, ತಟ್ಟೆಯಲ್ಲಿ ಬೇವು ಬಂತು. ಗಡಿ ತೆಗೆದ ಮೇಲೆ ಮನೆಗೆ ಬಂದ ನನ್ನ ಗಂಡ ನನ್ನನ್ನು ಏನೂ ಕೇಳಲಿಲ್ಲ. ಲಾರಿ ತೆಗೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ.

ಇಷ್ಟರ ನಡುವೆ ಒಂದು ಮಾತು ಹೇಳುವುದು ಉಳಿಯಿತು. ಗಿರಣಿಯಿಂದ ಹೊರಗೆ ಬಂದ ದಿನ ದಾವಲಸಾಬ ಬಾಗಿಲಲ್ಲಿ ಒಂದೆಲೆ ಕೊಟ್ಟ. ಬಾಯಿಗಿಟ್ಟುಕೊಂಡೆ. ಸಿಹಿ. ಸೂಜಿಯ ಸಕ್ಕರೆಯಲ್ಲ, ಜೋನಿಬೆಲ್ಲ, ದಪ್ಪ, ಗಂಟಲವರೆಗೂ ಇಳಿಯುವಂಥದು. ರೇಣಿಯ ಮಂಚದಿಂದ, ಅವಳು ತಲೆಯಿಟ್ಟ ದಿಂಬಿನಿಂದ ನನಗೆ ಬಂದದ್ದು. ಮರದ ಕೆಳಗೇ ಕೂತೆ. ಅವಳದೆಂಬುದು ಭೂಮಿಯ ಮೇಲೆ ಇನ್ನು ಇದೊಂದೇ, ಅದೂ ನನ್ನ ನಾಲಿಗೆಯ ಮೇಲೆ.

ಅಂದಿನಿಂದ ದಿನಾ ಬೆಳಿಗ್ಗೆ ಹಿತ್ತಲ ಮರದಿಂದ ಒಂದೆಲೆ ಕಿತ್ತು ತಿನ್ನುತ್ತೇನೆ. ಒಂದೇ. ತಿಂದು, ಅದು ಕರಗುವವರೆಗೆ ಯಾರ ಜೊತೆಗೂ ಮಾತಾಡುವುದಿಲ್ಲ. ಎಸ್ತೇರಬಾಯಿ ವರ್ಷವರ್ಷ ಬರುತ್ತಾಳೆ, ಓಣಿಯವರಿಗೆಲ್ಲ ನಾನೇ ಮುಂದೆ ನಿಂತು ಸೂಜಿ ಹಾಕಿಸುತ್ತೇನೆ. ಅಳುವ ಮಕ್ಕಳನ್ನು ನಾನೇ ತೊಡೆಯ ಮೇಲೆ ಹಿಡಿದು ಕೂರುತ್ತೇನೆ. ಆಮೇಲೆ ಅವಳು ನನ್ನ ಕಡೆ ತಿರುಗುತ್ತಾಳೆ. ನಾನು ಸೆರಗನ್ನು ತೋಳಿನ ಮೇಲೆ ಎಳೆದುಕೊಳ್ಳುತ್ತೇನೆ. ಸೂಜಿ ನನ್ನನ್ನು ಹೇಗೆ ಉಳಿಸಿತೆಂದು ನನಗೆ ಗೊತ್ತು. ಅದಿಲ್ಲದೆ ಫಕೀರವ್ವ ಹೇಗೆ ಹೋದಳೆಂದೂ ಗೊತ್ತು. ಅವಳನ್ನು ಹುಚ್ಚಿ ಎಂದು ಬೈದವಳು ನಾನೇ.

ಈ ಸಲ ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಎಲೆಯ ತುದಿಯಲ್ಲಿ ಸಣ್ಣಗೆ ಒಗರು ಹತ್ತಿತು. ಎಲೆ ಕೆಟ್ಟಿದೆ ಎಂದುಕೊಂಡೆ. ಕೆರೆ ದಂಡೆಯ ಮರಕ್ಕೆ ಹೋದೆ, ಶಾಲೆಯ ಮುಂದಿನ ಮರಕ್ಕೆ ಹೋದೆ. ಗಿರಣಿ ಬಾಗಿಲಿನ ಮರದ ಕೆಳಗೆ ದಾವಲಸಾಬ ಕೂತಿದ್ದ. ನನ್ನನ್ನು ನೋಡಿ ಎದ್ದು ಆ ಕಡೆ ಹೋದ. ಆ ಎಲೆಯೂ ಹಾಗೇ ಇತ್ತು.

ನಿನ್ನೆ ಎಸ್ತೇರಬಾಯಿ ಬಂದಳು. ಓಣಿಯವರದೆಲ್ಲ ಮುಗಿಸಿ ಹಿತ್ತಲಿಗೆ ಬಂದು, ಮರದ ಕೆಳಗೆ ನಿಂತಿದ್ದ ನನ್ನ ಎದುರು ಪೆಟ್ಟಿಗೆ ಇಟ್ಟು, “ಕಲ್ಲವ್ವಾ, ಬೇವು ಹೆಂಗೈತಿ?” ಎಂದಳು. ಅವಳ ಕಣ್ಣು ನನ್ನ ಮುಖದ ಮೇಲಿತ್ತು. ನಾನು ಒಂದೆಲೆ ಕಿತ್ತು ಬಾಯಿಗಿಟ್ಟುಕೊಂಡು ನಿಧಾನ ಅಗಿದೆ. ನಮ್ಮವ್ವ ನೋಡಿದ್ದರೆ ಮೆಚ್ಚುತ್ತಿದ್ದಳು, ಒಂದು ಗೆರೆ ಕೂಡ ಅಲುಗಲಿಲ್ಲ. “ಸಿಹಿ ಐತಿ ಬಾಯಾರ,” ಎಂದು ಹೇಳಿ, ಕೈ ಮೇಲೆತ್ತಿ ಇನ್ನೊಂದು ಎಲೆ ಕಿತ್ತುಕೊಂಡೆ.